ಸಿಮೆಂಟಿನ ಮೇಲೆ ನೀವು

ಅಕ್ಟೋಬರ್ 11, 1992, ಭಾನುವಾರ

ಈ ಕಥೆಯನ್ನು ಮೊದಲು ಹೇಳಿದವರು ಡೆಮೆತೆರ್ ಬಾಚಿ. ಮೂವತ್ತು ಚಳಿಗಾಲದ ಹಿಂದೆ, ಕೆಂದೆರ್‌ತೋ ಊರಿನ ಹುಡುಗರ ತಂಡ ಹನ್ನೊಂದು ಗೋಲು ತಿಂದು ಒಂದನ್ನೂ ಹೊಡೆಯದೆ ಮನೆಗೆ ಹೊರಟ ಸಂಜೆ, ಬಟ್ಟೆ ಬದಲಿಸುವ ಕೋಣೆಯಲ್ಲಿ. ಅವರು ನಮ್ಮ ಕೋಚ್; ಹುಡುಗರಿಗೆಲ್ಲ ಬಾಚಿ, ಅಂದರೆ ಮಾವ. ಬೈಯುತ್ತಾರೆಂದು ಕಾದಿದ್ದೆವು. ಅವರು ಕಥೆ ಹೇಳಿದರು.

ನಿನ್ನೆ ನಮ್ಮ ಒಕ್ಕೂಟದ ಅಧ್ಯಕ್ಷರ ಮನೆಯ ಊಟದಲ್ಲಿ ಅದೇ ಕಥೆಯನ್ನು ನಾನು ಹೇಳಿದೆ. ಒಬ್ಬರೂ ನಗಲಿಲ್ಲ. ಒಬ್ಬರು ಉಪ್ಪು ಕೇಳಿದರು. ಆ ಸಿಟ್ಟಿಗೆ ಇವತ್ತು ಈ ದಿನಚರಿ ಶುರು ಮಾಡಿದ್ದೇನೆ. ಓದುವವರು ಯಾರೂ ಇಲ್ಲದಿದ್ದರೆ ಉಪ್ಪು ಕೇಳುವವರೂ ಇರುವುದಿಲ್ಲ.

ಕಥೆ ಹೀಗೆ. ನಮ್ಮೂರಲ್ಲಿ ಸೆಣಬು ನೆನೆಹಾಕುವ ಒಂದು ಕೆರೆ. ಯುದ್ಧಕ್ಕೂ ಮುಂಚಿನ ಒಂದು ಚಳಿಗಾಲ ಅದು ದಡದಿಂದ ದಡಕ್ಕೆ ಹೆಪ್ಪುಗಟ್ಟಿತು. ಊರ ಹುಡುಗರು ಕೋಲು, ಬಿಲ್ಲೆ ಹಿಡಿದು ಅದರ ಮೇಲೆ ಐಸ್ ಹಾಕಿ ಆಡುತ್ತಿದ್ದರು. ಅಲ್ಲಿನ ಜಮೀನಿಗೆಲ್ಲ ಒಡೆಯನಾದ ಕೌಂಟ್ ಪರದೇಶದಿಂದ ಸ್ಕೇಟು ತರಿಸಿಕೊಂಡು ತಾನೂ ಇಳಿದ. ದಡದಲ್ಲಿ ಎಲ್ಲರೂ ಟೋಪಿ ತೆಗೆದು ನಿಂತರು. ಆಟ ಶುರುವಾಯಿತು. ಒಬ್ಬ ಹುಡುಗ, "ಮಹಾಸ್ವಾಮಿಗಳು ದಯಮಾಡಿ ಬಿಲ್ಲೆಯನ್ನು ಈ ಬಡವನ ಕಡೆಗೆ..." ಎನ್ನುವಷ್ಟರಲ್ಲಿ ಎದುರಿನವರು ಬಿಲ್ಲೆ ಕಸಿದು, ಗೋಲು ಹೊಡೆದು, ಮೂಗು ಒರೆಸಿಕೊಂಡು ವಾಪಸು ಬಂದಿದ್ದರು. ಹೀಗೆ ನಾಲ್ಕು ಸಲ ಆಯಿತು. ಕೌಂಟನಿಗೆ ತಲೆ ಕೆಟ್ಟಿತು. "ಕೇಳ್ರೋ! ದಡದ ಮೇಲೆ ನಾನು ಸ್ವಾಮಿ. ಐಸಿನ ಮೇಲೆ ಎಲ್ಲರೂ ನೀನು!" ಎಂದು ಅಪ್ಪಣೆ ಕೊಡಿಸಿದ.

ಚಳಿ ಇಳಿಯುವ ಹೊತ್ತಿಗೆ ಒಂದು ದಿನ ಕೌಂಟನ ಕಾಲ ಕೆಳಗೆ ಮಂಜುಗಡ್ಡೆ ಬಿರುಕು ಬಿಟ್ಟಿತು. ದಡದಲ್ಲಿದ್ದ ಪಾರುಪತ್ತೇಗಾರ ಅದನ್ನು ಮೊದಲು ಕಂಡ. ಟೋಪಿ ತೆಗೆದು, ಸೊಂಟ ಬಗ್ಗಿಸಿ, "ಮಹಾಸ್ವಾಮಿಗಳ ಸನ್ನಿಧಾನದಲ್ಲಿ ಈ ಸೇವಕನ ಅರಿಕೆ ಏನೆಂದರೆ..." ಎಂದು ಶುರು ಮಾಡಿದ. ಅಷ್ಟರಲ್ಲಿ ಗೋಲು ಕಾಯುತ್ತಿದ್ದ ಹುಡುಗ, "ಲೋ! ಬೋರಲು ಬೀಳೋ!" ಎಂದು ಕಿರುಚಿದ. ಕೌಂಟ್ ದೊಪ್ಪನೆ ಬೋರಲು ಬಿದ್ದ. ಕೋಲು ಚಾಚಿ ಎಳೆದುಕೊಂಡರು, ಬದುಕಿದ. ಪಾರುಪತ್ತೇಗಾರನ ವಾಕ್ಯ ಮಾತ್ರ ಇನ್ನೂ ಮುಗಿದಿಲ್ಲವಂತೆ.

ಮರುದಿನ ಬೆಳಿಗ್ಗೆ ನಾವು ಹುಡುಗರು ಮಾಡಿದ್ದೇನು? ಆಟದ ಅಂಗಳದ ಬಾಗಿಲಲ್ಲೇ ಬಾಚಿಯನ್ನು ಅಡ್ಡಗಟ್ಟಿದೆವು. ಎಲ್ಲರ ಪರವಾಗಿ ಹೆಗೆಡ್ಯೂಶ್ ಶಾಮು, "ಲೋ ಡೆಮೆತೆರ್, ಬಿಲ್ಲೆ ಕೊಡೋ!" ಅಂದ. ಬಾಚಿ ಅವನ ಕಾಲ ಕಡೆ ನೋಡಿದರು. "ಮಗು, ನೀನು ನಿಂತಿರೋದು ಸಿಮೆಂಟಿನ ಮೇಲೆ" ಅಂದರು. ಬೂಟು ಸವೆಯುವವರೆಗೆ ಅಂಗಳದ ಸುತ್ತ ಓಡಿಸಿದರು.

ಇಂಥ ಕಥೆಗೆ ಉಪ್ಪು ಕೇಳುತ್ತಾರೆ!

ಅಕ್ಟೋಬರ್ 20, ಮಂಗಳವಾರ

ಜೂನ್‌ನಿಂದ ನಾನು ಐಸ್ ಹಾಕಿ ಒಕ್ಕೂಟದ ಕಾರ್ಯದರ್ಶಿ. ಆಡುತ್ತಿದ್ದಾಗ ನಮ್ಮ ಬೆನ್ನಮೇಲೆ ದೇಶದ ಹೆಸರಿತ್ತು, ಕಾಲಿಗೆ ಸ್ಕೇಟಿತ್ತು. ಈಗ ಕುತ್ತಿಗೆಗೆ ಟೈ, ಬಾಯಿಗೆ ಕಟ್ಟಿಸಿದ ಹಲ್ಲು. ಮುಂದಿನ ಮೂರು ಹಲ್ಲು ಹೋದದ್ದು ಶಾಮುವಿನ ಕೋಲಿಗೆ, ಅಭ್ಯಾಸದ ವೇಳೆ. ಇಪ್ಪತ್ತು ವರ್ಷ ಬೊಕ್ಕಬಾಯಲ್ಲೇ ನಕ್ಕೆ, ಯಾರಿಗೂ ತೊಂದರೆಯಾಗಿರಲಿಲ್ಲ. "ಕಾರ್ಯದರ್ಶಿಗೆ ಹಲ್ಲಿರಬೇಕು" ಎಂದು ಅಧ್ಯಕ್ಷರು ಹೇಳಿದರು. ಈ ಹಲ್ಲು ಸಿಟ್ಟು ಬಂದಾಗ ಸಡಿಲವಾಗುತ್ತದೆ. ದಿನವಿಡೀ ಸಡಿಲವಾಗಿಯೇ ಇರುತ್ತದೆ.

ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವನಿಗೆ ಒಂದೇ ಮಾತು ಗೊತ್ತಿತ್ತು: "ವಿಷಯ ಪರಿಶೀಲನೆಯಲ್ಲಿದೆ." ಸ್ಕೇಟಿನ ಅಲಗು ಬೇಕೆಂದರೆ ಪರಿಶೀಲನೆಯಲ್ಲಿದೆ, ಬಸ್ಸು ಬೇಕೆಂದರೆ ಪರಿಶೀಲನೆಯಲ್ಲಿದೆ. ಅವನು ಸತ್ತ ಮೇಲೆ ಸ್ವರ್ಗದ ಬಾಗಿಲಲ್ಲೂ ಅವನಿಗೆ ಅದೇ ಉತ್ತರ ಸಿಗಲಿ ಎಂದು ನಾವು ಆಟಗಾರರು ಹರಸುತ್ತಿದ್ದೆವು.

ಇವತ್ತು ನಾನು ಬರೆದ ಒಂಬತ್ತನೇ ನಿಯಮಕ್ಕೆ ಮಂಡಳಿ ಒಪ್ಪಿಗೆ ಕೊಟ್ಟಿತು. ಕಳೆದ ವರ್ಷ ಕ್ಲಬ್ಬುಗಳು ಮಳೆ, ಮದುವೆ, ಕೋಚ್‌ಗೆ ಹಲ್ಲುನೋವು ಎಂದು ಪಂದ್ಯಗಳನ್ನು ಮುಂದೂಡಿ ಮುಂದೂಡಿ ಲೀಗು ಈಸ್ಟರ್‌ವರೆಗೂ ಎಳೆದಿತ್ತು. ಇನ್ನು ಅದು ನಡೆಯದು. ಪಂದ್ಯಕ್ಕೆ ಗೊತ್ತುಮಾಡಿದ ದಿನ ತನ್ನ ಅಂಗಳದಲ್ಲಿ ಮಂಜುಗಡ್ಡೆ ಒದಗಿಸದ ಕ್ಲಬ್ಬು ಲೀಗಿನಿಂದ ಹೊರಕ್ಕೆ. ಎರಡು ಸಾಲಿನ ನಿಯಮ. ನನ್ನ ಈ ನಾಲ್ಕು ತಿಂಗಳಲ್ಲಿ ನಡೆದ ಒಂದೇ ಒಂದು ಕೆಲಸ.

ಸಂಜೆ ಶಾಮು ಫೋನು ಮಾಡಿದ. ಈಗ ಅವನು ಕೆಂದೆರ್‌ತೋ ತಂಡದ ಕೋಚ್.

"ಲೋ ಕೊಕ್ಕರೆ! ಪೇಪರಲ್ಲಿ ನಿನ್ನ ಫೋಟೋ ನೋಡ್ದೆ ಕಣೋ. ಟೈ ಕಟ್ಟಿದ್ಮೇಲೆ ಕುತ್ತಿಗೆ ಇನ್ನೂ ಉದ್ದ ಕಾಣ್ತಿದೆ. ಯಾರ ಮನೆ ಚಿಮಣಿ ಮೇಲೆ ಗೂಡು ಕಟ್ತೀಯ?"

"ನಿನ್ನ ತಲೆ ಮೇಲೆ. ಕೂದ್ಲು ಹೇಗೂ ಇಲ್ಲ."

ಇಡೀ ವಾರದಲ್ಲಿ ನಕ್ಕದ್ದು ಅಷ್ಟೇ.

ನವೆಂಬರ್ 14, ಶನಿವಾರ

ಕೆಂದೆರ್‌ತೋಗೆ ಹೋಗಿಬಂದೆ. ನಮ್ಮ ಹಗ್ಗದವರು ಮೂರು-ಎರಡರಿಂದ ಗೆದ್ದರು. ಹಗ್ಗದ ಕಾರ್ಖಾನೆ ಮುಚ್ಚಿ ವರ್ಷವಾಯಿತು, ತಂಡಕ್ಕೆ ಮಾತ್ರ ಆ ಹೆಸರು ಉಳಿದಿದೆ. ಎದುರಿನ ಜನ ಈಗಲೂ, "ಹಗ್ಗದವರೇ, ನೇಣು ಹಾಕ್ಕೊಳ್ಳಿ!" ಎಂದೇ ಕೂಗುತ್ತಾರೆ. ನಮ್ಮವರು, "ಹಗ್ಗ ನಮ್ದು, ಕುತ್ತಿಗೆ ನಿಮ್ದು!" ಎನ್ನುತ್ತಾರೆ. ನಾನು ಗಣ್ಯರ ಸಾಲಿನಲ್ಲಿ ಕೂತಿದ್ದರಿಂದ ಕೂಗಲಾಗಲಿಲ್ಲ. ಕಾಲು ಮಾತ್ರ ಕುಟ್ಟಿದೆ.

ಮೇಲೆ ಛಾವಣಿಯಿಲ್ಲದ ಬಯಲು ಅಂಗಳ, ನಮ್ಮ ಕಾಲದಲ್ಲಿದ್ದ ಹಾಗೇ ಇದೆ. ಸಿಮೆಂಟು, ಅದರೊಳಗೆ ಕೊಳವೆಗಳು, ಮೂಲೆಯ ಶೆಡ್ಡಿನಲ್ಲಿ ತಂಪು ಮಾಡುವ ಯಂತ್ರ. ಯಂತ್ರ ಹೆರಿಗೆ ಬೇನೆ ಬಂದ ಹಸುವಿನ ಹಾಗೆ ನರಳುತ್ತಿತ್ತು.

ಊರಿಗೆಲ್ಲ ನೇನಿ, ಅಂದರೆ ಅತ್ತೆಯಾದ ಇಲ್ಕಾ ನೇನಿ ಚಹಾ ಅಂಗಡಿಯ ಕಿಟಕಿಯಿಂದಲೇ ಕರೆದರು. ನಮ್ಮ ಬಾಲ್ಯದಿಂದಲೂ ಬ್ರೆಡ್ಡಿಗೆ ಹಂದಿಯ ಕೊಬ್ಬು ಸವರಿ, ಮೇಲೆ ಈರುಳ್ಳಿ ಹರಡಿ, ಕೆಂಪು ಮೆಣಸಿನ ಪುಡಿ ಉದುರಿಸಿ ಕೊಡುತ್ತಿರುವವರು ಅವರೇ.

"ಬಾ ಮಗಾ. ಹಲ್ಲು ಕಟ್ಟಿಸ್ಕೊಂಡಿದ್ದೀಯಂತೆ. ಕಚ್ಚು ನೋಡಾಣ."

ಕಚ್ಚಿದೆ. ಹಲ್ಲು ಬ್ರೆಡ್ಡಿನಲ್ಲೇ ಉಳಿಯಿತು. ಇಡೀ ಸಾಲು ನಕ್ಕಿತು. ಕಾರ್ಯದರ್ಶಿಗೆ ಇಂಥದ್ದೆಲ್ಲ ಶೋಭಿಸುವುದಿಲ್ಲ ಎಂದು ಅಂದುಕೊಂಡೆ.

ಶಾಮು ನನ್ನನ್ನು ಶೆಡ್ಡಿಗೆ ಕರೆದೊಯ್ದ. "ನೋಡೋ, ಇದು ಕ್ರಿಸ್‌ಮಸ್‌ವರೆಗೂ ಬದ್ಕಲ್ಲ. ಊರಾಡಳಿತಕ್ಕೆ ಈ ಜಾಗ ಸಂತೆಗೆ ಬೇಕಂತೆ. ನಾವು ಲೀಗಿನಲ್ಲಿರೋವರ್ಗೂ ಅವರು ಮುಟ್ಟೋಕಾಗಲ್ಲ. ಲೀಗಿಂದ ಬಿದ್ವೋ, ಮಾರನೇ ದಿನ ಇಲ್ಲಿ ಚಡ್ಡಿ ಬನಿಯನ್ನು ಮಾರ್ತಿರ್ತಾರೆ. ನಿನ್ನ ಜನಕ್ಕೆ ಹೇಳು, ಒಂದು ಹಳೇ ಯಂತ್ರ ಆದ್ರೂ ಕೊಡ್ಸು."

"ನೋಡ್ತೀನಿ ಕಣೋ."

"ನೋಡೋದಲ್ಲ, ಮಾಡು. ನೋಡೋಕೆ ನಾವೂ ಇದ್ದೀವಿ."

ಡಿಸೆಂಬರ್ 3, ಗುರುವಾರ

ಯಂತ್ರ ಸತ್ತಿತು. ಬೆಳಿಗ್ಗೆಯಿಂದ ಶಾಮುವಿನ ಫೋನು, ಮತ್ತೆ ಶಾಮುವಿನ ಫೋನು. ಅಷ್ಟರಲ್ಲಿ ಗೋಲು ಕಾಯುವವರ ಕಾಲುಪಟ್ಟಿ ಗಡಿಯ ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದಿದೆ, ಅವು ಹಾಸಿಗೆಯ ಸಾಮಾನಲ್ಲ ಎಂದು ಬರೆದುಕೊಡಬೇಕಂತೆ. ಕಿರಿಯರ ತಂಡದ ಬಸ್ಸಿಗೆ ಚಾಲಕನಿಲ್ಲ, ಚಾಲಕನಿರುವ ಬಸ್ಸಿಗೆ ಗಾಲಿಯಿಲ್ಲ. ಅಧ್ಯಕ್ಷರಾದ ಪೆರ್ಲಾಕಿಯವರಿಗೆ ಹಳೇ ಯಂತ್ರದ ಮಾತೆತ್ತಿದರೆ, "ಬೊದ್ನಾರ್ ಅವರೇ, ಒಂಬತ್ತನೇ ನಿಯಮ ಬರೆದದ್ದು ಯಾರು?" ಎಂದರು. ವಕೀಲರು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮಾತ್ರ ಕೇಳುತ್ತಾರೆ.

ಮಧ್ಯಾಹ್ನ ಶಾಮು ಮತ್ತೆ ಫೋನು ಮಾಡಿದ. ವಿಷಯ ಪರಿಶೀಲನೆಯಲ್ಲಿದೆ ಎಂದು ಹೇಳಿದೆ. ಆ ಕಡೆ ಟಕ್ಕೆಂದಿತು. ಲೈನು ಕಟ್ಟಾಗಿರಬೇಕು. ಈ ದೇಶದ ಫೋನುಗಳೂ ಅಷ್ಟೇ.

ಡಿಸೆಂಬರ್ 8, ಮಂಗಳವಾರ

ಕೆಂದೆರ್‌ತೋ ವಿಷಯದ ವಿಚಾರಣೆ ನಡೆಯಿತು. ಉಳಿದ ಕ್ಲಬ್ಬುಗಳ ಪ್ರತಿನಿಧಿಗಳೆಲ್ಲ ಬಂದಿದ್ದರು, ಸತ್ತ ಮನೆಗೆ ಊಟಕ್ಕೆ ಬಂದವರ ಹಾಗೆ. ಕಾರ್ಯದರ್ಶಿ ತನ್ನ ಊರಿಗೆ ಒಂದು ನ್ಯಾಯ, ಪರರ ಊರಿಗೆ ಒಂದು ನ್ಯಾಯ ಮಾಡುತ್ತಾನೋ ಎಂದು ನೋಡಲು. ಒಬ್ಬ ನನಗೆ ಕೇಳಿಸುವ ಹಾಗೆಯೇ, "ಕೊಕ್ಕರೆ ತನ್ನ ಮರಿಗೆ ಕಪ್ಪೆ ತಂದ್ಕೊಡುತ್ತೆ, ನೋಡ್ತಿರು" ಎಂದು ಪಕ್ಕದವನಿಗೆ ಹೇಳಿದ.

ಶಾಮು ಕ್ಲಬ್ಬಿನ ಹಳೇ ಜಾಕೆಟ್ಟಿನಲ್ಲೇ ಬಂದಿದ್ದ. ಒಳಗೆ ಕಾಲಿಡುತ್ತಲೇ, "ಏನೋ ಕೊಕ್ಕರೆ, ಇಷ್ಟು ದೊಡ್ಡ ಮೇಜು! ಇದರ ಮೇಲೇ ಆಡ್ಬಹುದಲ್ಲೋ" ಅಂದ. ಎಲ್ಲರೂ ನನ್ನ ಮುಖ ನೋಡಿದರು. ನಡಾವಳಿ ಬರೆಯುವವಳು ಬರವಣಿಗೆ ನಿಲ್ಲಿಸಿದಳು. ನಾನು ಸಮಾಧಾನದಿಂದಲೇ, "ತರಬೇತುದಾರ ಹೆಗೆಡ್ಯೂಶ್ ಅವರೇ, ನೀವು ಕುಳಿತುಕೊಳ್ಳಿ. ನಿಮ್ಮ ಸರದಿ ಬಂದಾಗ ಮಾತಾಡಿ" ಎಂದೆ.

ಅವನು ಕೂರಲಿಲ್ಲ. ಕೊನೆಯವರೆಗೂ ನಿಂತೇ ಇದ್ದ. ಸರದಿ ಬಂದಾಗ, "ಹೇಳೋದೇನೂ ಇಲ್ಲ, ಕಾರ್ಯದರ್ಶಿಗಳೇ" ಅಂದ, ಅಷ್ಟೇ. ಕ್ಲಬ್ಬಿನ ಪರವಾಗಿ ನಾಲ್ಕು ಮಾತು ಆಡಿದ್ದರೆ ನನಗೂ ಒಂದು ಆಧಾರವಾಗುತ್ತಿತ್ತು. ಹಟಮಾರಿ. ಮೊದಲಿಂದಲೂ ಹೀಗೆಯೇ.

ತೀರ್ಮಾನ: ಸದರಿ ಕ್ಲಬ್ಬು ಮುಂದಿನ ತವರಿನ ಪಂದ್ಯಕ್ಕೆ, ಎಂದರೆ ಜನವರಿ ಒಂಬತ್ತಕ್ಕೆ, ಮಂಜುಗಡ್ಡೆ ಒದಗಿಸತಕ್ಕದ್ದು. ತಪ್ಪಿದಲ್ಲಿ ನಿಯಮದಂತೆ ಕ್ರಮ.

ಡಿಸೆಂಬರ್ 9

ಶಾಮುವಿಗೆ ಫೋನು ಮಾಡಿದೆ. "ಹೇಳಿ ಕಾರ್ಯದರ್ಶಿಗಳೇ, ಏನಾಗ್ಬೇಕಿತ್ತು?" ಅಂದ. ತಮಾಷೆ ಎಂದುಕೊಂಡು ನಕ್ಕೆ. "ನಿಮ್ಗೆ ಕೆಮ್ಮೇನಾದ್ರೂ ಬಂತಾ?" ಎಂದು ಕೇಳಿದ.

ಡಿಸೆಂಬರ್ 13, ಭಾನುವಾರ

ಇವತ್ತು ಸಂತ ಲುತ್ಸಾಳ ಹಬ್ಬ. ಇವತ್ತು ಶುರು ಮಾಡಿ, ದಿನಕ್ಕೊಂದು ಉಳಿಯೇಟು ಹಾಕಿ, ಕ್ರಿಸ್‌ಮಸ್‌ಗೆ ಮುಗಿಸುವ ಲುತ್ಸಾಳ ಕುರ್ಚಿಯೇ ನಮ್ಮ ಒಕ್ಕೂಟಕ್ಕಿಂತ ವೇಗ. ಹಳೇ ಯಂತ್ರ ಕೇಳಿ ಮೂರು ಕಡೆ ಅಲೆದೆ. ಒಂದು ಕಡೆ ಯಂತ್ರವಿದೆ, ಕೊಡುವ ಅಧಿಕಾರವಿಲ್ಲ. ಇನ್ನೊಂದು ಕಡೆ ಅಧಿಕಾರವಿದೆ, ಯಂತ್ರವಿಲ್ಲ. ಮೂರನೆಯವನು ಎರಡೂ ಇರುವವನು, ಫೋನೇ ಎತ್ತುವುದಿಲ್ಲ.

ಹೀಗೆ ಅಲೆಯುತ್ತಿರುವುದು ಯಾರಿಗಾಗಿ? ಆ ಶಾಮು ತಾನಾಗಿ ಒಂದು ಫೋನು ಮಾಡಿಲ್ಲ.

ಡಿಸೆಂಬರ್ 26, ಶನಿವಾರ

ಕ್ರಿಸ್‌ಮಸ್ ಹಬ್ಬದ ಎರಡನೇ ದಿನ ಶಾಮು ನಮ್ಮ ಮನೆಗೆ ಬರುವುದು ವಾಡಿಕೆ. ಮೀನಿನ ಸಾರು ಕುಡಿದು, ಗಸಗಸೆಯ ಸುರುಳಿ ರೊಟ್ಟಿ ತಿಂದು, ಹಳೇ ಪಂದ್ಯಗಳನ್ನು ಮತ್ತೊಮ್ಮೆ ಆಡಿ, ಕಳೆದ ಸಲ ಸೋತದ್ದನ್ನೂ ಗೆದ್ದು ಹೋಗುತ್ತಾನೆ. ಇವತ್ತು ಬರಲಿಲ್ಲ. ಸಾರು ಮೂರು ಸಲ ಬಿಸಿ ಮಾಡಿದ್ದಾಯಿತು.

ನನ್ನ ಹೆಂಡತಿ ಅರಾಂಕಾ ತಟ್ಟೆ ಎತ್ತುತ್ತಾ ಕೇಳಿದಳು. "ಏನ್ ಮಾಡ್ದೆ ಅವನಿಗೆ?"

"ನಾನೇನು ಮಾಡ್ದೆ? ಅವನೇ ನನ್ನ ನೀವು ತಾವು ಅಂತ ಕರೀತಿದ್ದಾನೆ. ಮೂವತ್ತು ವರ್ಷದ ಗೆಳೆಯನನ್ನ!"

"ಯಾವತ್ತಿಂದ?"

"ವಿಚಾರಣೆಯಿಂದ."

"ಅಲ್ಲಿ ನೀನು ಅವನನ್ನ ಏನಂತ ಕರೆದೆ?"

ನಡೆದದ್ದನ್ನು ಹೇಳಿದೆ. ಅವಳು ತಟ್ಟೆ ಕೆಳಗಿಟ್ಟಳು.

"ವೆಂಡೆಲ್, ನೀನು ಅವನಿಗೆ 'ನೀವು' ಅಂದ್ಯಾ?"

"ನಡಾವಳಿ ಬರೀತಿದ್ರು ಕಣೇ! ಅಷ್ಟೂ ಜನದ ಮುಂದೆ ಏನೋ ಗೀನೋ ಅನ್ನೋಕಾಗುತ್ತಾ?"

"'ನೀನು'ಗೆ ಒಂದ್ಸಲ ದಾಟಿದ್ಮೇಲೆ 'ನೀವು'ಗೆ ವಾಪಸ್ ಹೋಗೋದು ಅಂದ್ರೆ ಏನು ಅಂತ ಈ ದೇಶದಲ್ಲಿ ಹಾಲು ಮಾರೋಳಿಗೂ ಗೊತ್ತು. ಬಾಗ್ಲು ಹಾಕಿ ಚಿಲ್ಕ ಹಾಕಿದ ಹಾಗೆ. ನಮ್ಮಜ್ಜಿ ತನ್ನ ತಂಗೀಗೆ ಒಂದ್ಸಲ ಹಾಗಂದ್ಳು, ಆಮೇಲೆ ಅವರಿಬ್ರೂ ಸಾಯೋವರ್ಗೂ ಮಾತಾಡ್ಲಿಲ್ಲ."

"ಅದು ಸಭೆಯ ಮರ್ಯಾದೆ."

"ಆಗ್ಲಪ್ಪ. ಮರ್ಯಾದೇನೇ ಬಡಿಸ್ತೀನಿ, ಸಾರಿನ ಬದ್ಲು."

ಹೆಂಗಸರಿಗೆ ಆಡಳಿತದ ಕಷ್ಟ ಅರ್ಥವಾಗುವುದಿಲ್ಲ. ನಾನು ಮಾಡಿದ್ದು ಸರಿಯಾಗಿಯೇ ಇದೆ. ಉಳಿದ ಸಾರನ್ನು ನಾನೊಬ್ಬನೇ ಕುಡಿದೆ, ಮುಳ್ಳು ಗಂಟಲಿಗೆ ಸಿಕ್ಕಿತು.

ಜನವರಿ 4, 1993, ಸೋಮವಾರ

ಕೆಂದೆರ್‌ತೋದಲ್ಲಿ ಮಂಜುಗಡ್ಡೆ ಇದೆಯೋ ಇಲ್ಲವೋ ನೋಡಿ ಬರೆದು ಸಹಿ ಹಾಕಲು ಯಾರು ಹೋಗಬೇಕು ಎಂಬ ಪ್ರಶ್ನೆ ಬಂತು. "ಆ ಊರಿನ ದಾರಿ ನಿಮಗೇ ಚೆನ್ನಾಗಿ ಗೊತ್ತಲ್ಲವೇ" ಎಂದರು ಪೆರ್ಲಾಕಿ. ನನ್ನ ಗುಂಡಿಯನ್ನು ನಾನೇ ತೋಡಿದ್ದೆ. ಅಳತೆ ಸರಿಯಾಗಿದೆಯೇ ಎಂದು ಈಗ ಮಲಗಿ ನೋಡಬೇಕಂತೆ.

ಉತ್ತರದಿಂದ ಭಾರಿ ಚಳಿ ಬರುತ್ತಿದೆ ಎಂದು ರೇಡಿಯೋ ಹೇಳುತ್ತಿದೆ. ಅದೂ ಎಲ್ಲಿ ಪರಿಶೀಲನೆಯಲ್ಲಿದೆಯೋ.

ಜನವರಿ 6, ಬುಧವಾರ, ಕೆಂದೆರ್‌ತೋ

ಚಳಿ ಬಂದಿದೆ. ರೈಲಿನಿಂದ ಇಳಿಯುತ್ತಲೇ ಮೂಗು ನನ್ನದಲ್ಲ ಎನಿಸಿತು.

ಅಂಗಳ ಬೋಳು. ಬೂದು ಸಿಮೆಂಟಿನ ಮೇಲೆ ಒಣಗಿದ ಎಲೆಗಳು. ಗೋಲಿನ ಗೆರೆ ಇದ್ದಲ್ಲಿ ಯಾರೋ ಸುಣ್ಣದಲ್ಲಿ ಸಂತೆಯ ಮಳಿಗೆಗಳ ಗುರುತು ಹಾಕಿಹೋಗಿದ್ದಾರೆ. ನಾನು ಮೊದಲ ಗೋಲು ಹೊಡೆದ ಜಾಗದ ಮೇಲೆ ಏಳು ಎಂದು ಬರೆದಿದೆ.

ಶಾಮು ಶೆಡ್ಡಿನಿಂದ ಹೊರಬಂದ. ಕೈ ಕುಲುಕಿದ. "ಪ್ರಯಾಣ ಸುಖವಾಗಿತ್ತಾ, ಕಾರ್ಯದರ್ಶಿಗಳೇ? ಅಂಗಳ ನೋಡಿ. ನಿಮ್ಮ ಕಾಗದ ಬರ್ಕೊಳ್ಳಿ."

"ಶಾಮು, ಇಷ್ಟು ಚಳಿಯಿದೆ. ಯಂತ್ರ ಯಾಕೆ ಬೇಕು? ನೀರು ಬಿಟ್ರೆ ತಾನಾಗೇ ಕಟ್ಟಲ್ವಾ?"

"ಅಗ್ನಿಶಾಮಕದವರ ಪಂಪಿಲ್ದೆ ಇಷ್ಟು ಜಾಗಕ್ಕೆ ನೀರು ಹ್ಯಾಗೆ ಬಿಡ್ತೀರಿ? ನಾನು ಕೇಳ್ದೆ. ಕೊಡ್ಲಿಲ್ಲ. ನೀವು ದೊಡ್ಡೋರು, ನೀವೇ ಕೇಳಿ ನೋಡಿ."

ಕೇಳಿದೆ. ಒಕ್ಕೂಟದ ಹೆಸರು ಹೇಳಿದೆ, ಅಧ್ಯಕ್ಷರ ಹೆಸರು ಹೇಳಿದೆ. ಠಾಣೆಯ ಅಧಿಕಾರಿ ಸಾಸೇಜು ಅಗಿಯುತ್ತಾ, "ವಿಷಯ ಪರಿಶೀಲನೆಯಲ್ಲಿದೆ" ಎಂದ. ಮೇಜು ಗುದ್ದಿದೆ. ಒಬ್ಬ ಮನುಷ್ಯ ತನ್ನೆದುರು ನಿಂತಿರುವ ಇನ್ನೊಬ್ಬ ಮನುಷ್ಯನಿಗೆ ಇಂಥ ಮಾತು ಹೇಳುವುದೇ! ಅವನಿಗೆ ತಾಯಿ ತಂದೆ ಇಲ್ಲವೇ, ಗೆಳೆಯರಿಲ್ಲವೇ? ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೇ ಬಂದೆ.

ಸಂಜೆ ಆಟಗಾರರು ತಮ್ಮ ಪೆಟ್ಟಿಗೆ ಖಾಲಿ ಮಾಡಲು ಬಂದಿದ್ದರು. ಅದೇ ಕೋಣೆ, ಅದೇ ಬೆವರಿನ ವಾಸನೆ. ಇಲ್ಕಾ ನೇನಿ ಚಹಾದ ಹಂಡೆ ತಂದಿಟ್ಟಿದ್ದರು. ಶಾಮು ಬಾಗಿಲಿಗೆ ಒರಗಿ ನಿಂತಿದ್ದ. "ಕಾರ್ಯದರ್ಶಿಗಳು ನಿಮಗೇನಾದ್ರೂ ಹೇಳ್ಬಹುದು" ಎಂದ.

ಏನು ಹೇಳುವುದು? ನಿಯಮದ ಬಗ್ಗೆ ಮಾತು ಶುರು ಮಾಡಿದೆ. ಹಲ್ಲು ಸಡಿಲವಾಗಿ ಪ್ರತಿ ಮಾತಿಗೂ ಸಿಳ್ಳೆ ಹೊಡೆಯಿತು. ತಲೆ ಕೆಟ್ಟು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಆಮೇಲೆ ಯಾಕೋ ಡೆಮೆತೆರ್ ಬಾಚಿಯ ಕಥೆ ಬಾಯಿಗೆ ಬಂತು. ಕೆರೆ, ಕೌಂಟ್, ಟೋಪಿ, ಪಾರುಪತ್ತೇಗಾರ. ಬೊಕ್ಕಬಾಯಲ್ಲಿ ಪಾರುಪತ್ತೇಗಾರನ ಮಾತು ಚೆನ್ನಾಗಿ ಬರುತ್ತದೆ ಎಂದು ಗೊತ್ತೇ ಇರಲಿಲ್ಲ. "ಈ ಸೇವಕನ ಅರಿಕೆ ಏನೆಂದರೆ" ಎಂದಾಗ ಹಿಂದಿನ ಬೆಂಚಿನವರು ಉರುಳಾಡಿ ನಕ್ಕರು. ಕೌಂಟ್ ನೀರಿಗೆ ಬೀಳುವುದರಲ್ಲಿದ್ದ. ಆಗ ಆ ಪಾರುಪತ್ತೇಗಾರ ಈಗ ಯಾವ ಕುರ್ಚಿಯಲ್ಲಿ, ಯಾವ ಟೈ ಕಟ್ಟಿ ಕೂತಿದ್ದಾನೆ ಎಂದು ನನಗೊಮ್ಮೆ ಹೊಳೆದ ಹಾಗಾಯಿತು, ಆದರೆ ಕಥೆಯ ಓಟದಲ್ಲಿ ಮರೆತೆ.

ಕಥೆ ಮುಗಿಯಿತು. ಗೋಲು ಕಾಯುವ ಬಾಲಿಂತ್ ಚಹಾದ ಲೋಟ ಕೆಳಗಿಟ್ಟು, "ಕಥೆ ಚೆನ್ನಾಗಿದೆ. ಅದಕ್ಕೆ ಏನೀಗ, ಕಾರ್ಯದರ್ಶಿಗಳೇ?" ಎಂದ.

"ಏನೂ ಇಲ್ಲ. ಬರೀ ಕಥೆ" ಎಂದೆ.

ಶಾಮು ನಗಲಿಲ್ಲ. ಆದರೆ ಉಪ್ಪನ್ನೂ ಕೇಳಲಿಲ್ಲ. ಬಾಗಿಲು ಬಿಟ್ಟು ಹೊರಟುಹೋದ. ಇಲ್ಕಾ ನೇನಿಯ ಮನೆಯ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದೇನೆ. ಬೆಳಿಗ್ಗೆ 'ಮಂಜುಗಡ್ಡೆ ಇಲ್ಲ' ಎಂದು ಬರೆದು ಸಹಿ ಮಾಡಿ ಮೊದಲ ರೈಲು ಹಿಡಿಯಬೇಕು. ಈ ಕೆಲಸಕ್ಕೆ ಬೆಂಕಿ ಬೀಳಲಿ. ಬೆಂಕಿ ಬಿದ್ದರೂ ಆರಿಸಲು ಪಂಪು ಕೊಡುವುದಿಲ್ಲ.

ಜನವರಿ 7, ಗುರುವಾರ

ಬೆಳಿಗ್ಗೆ ಎದ್ದಾಗ ಇಲ್ಕಾ ನೇನಿ ಮನೆಯಲ್ಲಿರಲಿಲ್ಲ. ಒಲೆಯ ಮೇಲೆ ಚಹಾ ಇರಲಿಲ್ಲ. ಹಿತ್ತಲಲ್ಲಿ ಹೂಗಿಡಗಳಿಗೆ ನೀರು ಹನಿಸುವ ಅವರ ತಗಡಿನ ಕ್ಯಾನೂ ಇರಲಿಲ್ಲ. ಅತಿಥಿಯನ್ನು ಹೀಗೆ ಬಿಟ್ಟುಹೋಗುವುದು ಯಾವ ಪದ್ಧತಿ ಎಂದು ಗೊಣಗುತ್ತಾ ಅಂಗಳದ ಕಡೆ ನಡೆದೆ.

ಬೀದಿಯ ತುದಿಗೇ ಸದ್ದು ಕೇಳಿಸಿತು, ಮಳೆ ಹನಿಯುವ ಸದ್ದು. ಆಕಾಶ ಗಾಜಿನ ಹಾಗೆ ತಿಳಿಯಾಗಿತ್ತು.

ಅಂಗಳದ ತುಂಬ ಜನ. ಆಟಗಾರರು, ಅವರ ತಾಯಂದಿರು, ಹಗ್ಗದ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವರು, ಶಾಲೆಯ ಮೇಷ್ಟ್ರು, ಕೊನೆಗೆ ಚರ್ಚಿನ ಪಾದ್ರಿ. ಎಲ್ಲರ ಕೈಯಲ್ಲೂ ಹೂಗಿಡದ ಕ್ಯಾನು. ಬಾವಿಯಿಂದ ಸಾಲಾಗಿ ನೀರು ಬರುತ್ತಿತ್ತು. ಒಂದು ಸಾಲಿನವರು ತೆಳ್ಳಗೆ ಹನಿಸುತ್ತಾ ಹಿಂದೆ ಹಿಂದೆ ನಡೆಯುವುದು, ಹನಿಸಿದ್ದು ಕಟ್ಟುವವರೆಗೆ ಕಾಯುವುದು, ಮತ್ತೆ ಇನ್ನೊಂದು ಸಾಲು. ಸಂತೆಯ ಸುಣ್ಣದ ಗುರುತುಗಳು ಆಗಲೇ ಗಾಜಿನಡಿಗೆ ಹೋಗಿದ್ದವು. ಏಳನೇ ಮಳಿಗೆ ಮೀನಿನ ಹಾಗೆ ಒಳಗಿನಿಂದ ಮಿನುಗುತ್ತಿತ್ತು.

ಬಾಲಿಂತ್ ನನ್ನನ್ನು ಕಂಡವನೇ ದೂರದಿಂದ ಕೂಗಿದ. "ಪಾರುಪತ್ತೇಗಾರ ಬಂದ ಕಣ್ರೋ! ಟೋಪಿ ತೆಗೀರಿ!"

ಯಾರೂ ಟೋಪಿ ತೆಗೆಯಲಿಲ್ಲ. ಕಿವಿ ಉದುರುವ ಚಳಿ.

ಯಾರ ಅನುಮತಿ ಪಡೆದಿರಿ ಎಂದು ಕೇಳಬೇಕೆಂದಿದ್ದೆ. ನಾಲಿಗೆ ಖಾಲಿ ವಸಡಿಗೆ ತಾಗಿತು. ಹಲ್ಲು ನಿನ್ನೆಯ ಅಂಗಿಯ ಜೇಬಲ್ಲೇ ಮನೆಯಲ್ಲಿ ಉಳಿದಿತ್ತು. ಜೇಬಿನಿಂದ ನಿಯಮದ ಕಾಗದ ತೆಗೆದು ಎರಡು ಸಾಲನ್ನೂ ಮತ್ತೆ ಓದಿದೆ. 'ಮಂಜುಗಡ್ಡೆ ಒದಗಿಸತಕ್ಕದ್ದು' ಎಂದಿದೆ. ಯಂತ್ರದಿಂದಲೇ ಆಗಿರಬೇಕು ಎಂದು ಎಲ್ಲೂ ಇಲ್ಲ. ಇಂಥ ದೊಡ್ಡ ತೂತು ಬಿಟ್ಟು ನಿಯಮ ಬರೆದವನು ಎಂಥ ದಡ್ಡ! ಯಾವನಾದರೂ ಊರಿನವನು ಕ್ಯಾನು ಹಿಡಿದುಕೊಂಡು ಬಂದರೆ ಇಡೀ ನಿಯಮವೇ ತೊಳೆದುಹೋಗುತ್ತದೆ. ಮುಂದಿನ ಸಭೆಯಲ್ಲಿ ತಿದ್ದಬೇಕು. ಮುಂದಿನ ಸಭೆ ಮಾರ್ಚಿನಲ್ಲಿ.

"ಕಾರ್ಯದರ್ಶಿಗಳೇ" ಎಂದು ಹಿಂದಿನಿಂದ ಶಾಮುವಿನ ದನಿ ಬಂತು. ಒಂದು ತುಂಬಿದ ಕ್ಯಾನನ್ನು ನನ್ನ ಕೈಗೆ ತುರುಕಿದ. "ನೀವು ಖಾಲಿ ನಿಂತಿದ್ದೀರಿ. ಆ ಮೂಲೆ ಇನ್ನೂ ಒಣಗೇ ಇದೆ. ತಮಗೆ ತೊಂದರೆ ಇಲ್ದಿದ್ರೆ."

ಟೈ ಗಾಳಿಗೆ ಮುಖಕ್ಕೆ ಬಡಿಯುತ್ತಿತ್ತು, ತೆಗೆದು ಬೇಲಿಗೆ ಕಟ್ಟಿದೆ. ಮೂಲೆಗೆ ಹೋಗಿ ಹನಿಸಿದೆ. ಕ್ಯಾನು ಖಾಲಿಯಾದರೆ ಮತ್ತೊಂದು. ಇಲ್ಕಾ ನೇನಿ, "ಉದ್ದಕ್ಕೆ ಸುರೀಬೇಡ ಮಗಾ, ಮಗುಗೆ ಸ್ನಾನ ಮಾಡಿಸ್ದಂಗೆ ಹನಿಸು" ಎಂದು ಗದರಿದರು. ಬೆರಳು ಸೆಟೆದವು. ಬೆನ್ನು ಹಿಡಿಯಿತು. ಇಷ್ಟು ಜನರಿದ್ದೂ ಒಬ್ಬರಾದರೂ ಸರಿಯಾಗಿ ಸಾಲು ಹಿಡಿಯುವುದಿಲ್ಲ, ಎಲ್ಲ ನಾನೇ ಕೂಗಿ ಹೇಳಬೇಕು. ನಮ್ಮವರು ಯಾವಾಗಲೂ ಹೀಗೆಯೇ, ಎಡಗಡೆ ಬಿಟ್ಟು ಬಲಗಡೆಯೇ ಮುಗಿಬೀಳುತ್ತಾರೆ. ಇನ್ನೆರಡು ದಿನ ಚಳಿ ಹೀಗೆಯೇ ನಿಂತರೆ ನಾವು ಶನಿವಾರ ಆಡುತ್ತೇವೆ. ನಿಲ್ಲದಿದ್ದರೆ ಆ ರೇಡಿಯೋದವನನ್ನು ಹುಡುಕಿಕೊಂಡು ಹೋಗುತ್ತೇನೆ.

ಮಧ್ಯಾಹ್ನದ ಹೊತ್ತಿಗೆ, ಎಷ್ಟನೆಯದೋ ಕ್ಯಾನು ಹಿಡಿದು ಹಿಂದೆ ಹಿಂದೆ ಬರುತ್ತಿದ್ದೆ. ಪಾದ ಜಾರಿತು. ಕ್ಯಾನು ಒಂದು ಕಡೆ, ನಾನೊಂದು ಕಡೆ.

"ಲೋ ಕೊಕ್ಕರೆ!" ಎಂದು ಶಾಮು ಕಿರುಚಿದ. "ಕಾಲು ಅಗಲಿಸಿ ನಿಲ್ಲೋ! ಮೂವತ್ತು ವರ್ಷ ಆಯ್ತು, ಇನ್ನೂ ಕಲ್ತಿಲ್ವೇನೋ ನೀನು?"

ಕೂತಲ್ಲಿಂದಲೇ ತಲೆಯೆತ್ತಿ ನೋಡಿದೆ. "ಏನಂದೆ?"

ಶಾಮು ತನ್ನ ಕ್ಯಾನು ಕೆಳಗಿಟ್ಟ. ನನ್ನ ಬೂಟಿನ ಹತ್ತಿರ ಬಗ್ಗಿ ಬೆರಳ ಗೆಣ್ಣಿನಿಂದ ನೆಲ ಕುಟ್ಟಿದ. ಗಟ್ಟಿ ಸದ್ದು ಬಂತು.

"ಕೆಳಗೆ ನೋಡ್ಕೋ. ನೀನು ಕೂತಿರೋದು ಐಸಿನ ಮೇಲೆ."